ತೊಟ್ಟಿಲಿಗೆ ಕೊಟ್ಟ ಗುಂಡುಕಲ್ಲು

ಸವಿತಾ, ನಿನ್ನ ಲೆಕ್ಕ ತಪ್ಪಿರಲಿಲ್ಲ. ಪ್ಲೇಟಿನ ಮೇಲೆ ನೀನು ಇಟ್ಟುಹೋಗಿದ್ದ ಗುಂಡುಕಲ್ಲನ್ನು ಎತ್ತಿದವಳು ನಾನು. ಬಿಲ್ಲೆ ಕಿತ್ತುಬಂದದ್ದು ನನ್ನ ಕೈಯಲ್ಲಿ. ಅದನ್ನು ತಿರುಗಿ ಅಂಟಿಸಿದವಳೂ ನಾನೇ. ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಸುಳ್ಳು ಹೇಳಿದೆ. ಹನ್ನೆರಡು ವರ್ಷವಾಯಿತು.

ಇದನ್ನು ಮೊದಲೇ ಬರೆದುಬಿಟ್ಟೆ. ಕೊನೆಗೆ ಇಟ್ಟುಕೊಂಡರೆ ಹಸುವಿಗೆ ಹುಲ್ಲು ಹಾಕಿ ಬರುತ್ತೇನೆ ಅಂತ ಎದ್ದುಹೋಗಿ, ವಾಪಸು ಬಂದು ಕೂರುತ್ತಿರಲಿಲ್ಲವೇನೋ — ನನ್ನ ಬುದ್ಧಿ ನನಗೆ ಗೊತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ಸಾಲು ಬರೆಯುವುದಕ್ಕೆ ಒಂದು ಸೊಪ್ಪಿನ ಕಟ್ಟು ಬಿಡಿಸುವಷ್ಟು ಹೊತ್ತು ಬೇಕು. ಕಾಗುಣಿತವನ್ನು ನಿನ್ನ ಮಗಳು ಸಿಂಚನ ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ. ಬರೆಯುತ್ತಿರುವುದು ನಿನ್ನದೇ ಪುಸ್ತಕದಲ್ಲಿ. ಅಟ್ಟದ ಮೇಲಿನ ಮೂಟೆಯಲ್ಲಿದ್ದ ಹಸಿರು ರಟ್ಟಿನದು — ಹಿಂದಿನ ಅರ್ಧ ಖಾಲಿ ಇತ್ತು. ಯಾಕೆ ಖಾಲಿ ಉಳಿಯಿತು ಎನ್ನುವುದೇ ನಾನು ಹೇಳಬೇಕಾದದ್ದು. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನಿನ್ನ ಮಗಳೂ ಓದುತ್ತಾಳೆ, ನನ್ನ ಮಗನೂ ಓದಬೇಕು. ಅವರಿಗೆ ಅರ್ಧಂಬರ್ಧ ತಿಳಿಯುವುದು ಬೇಡ.

ನೀನು ತಲಕಾಡಿನ ಕಡೆಯಿಂದ ಹೆಡತಲೆಯ ಈ ಮನೆಗೆ ಸೊಸೆಯಾಗಿ ಬಂದಾಗಲೇ ಇಂಜಿನಿಯರಿಂಗ್ ಓದಿ ಮುಗಿಸಿದ್ದೆ. ನನ್ನ ಮಗ ಮಹೇಶ ನರಸೀಪುರದ ಆಫೀಸಿನಲ್ಲಿ ಗುಮಾಸ್ತ. ನೀನು ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಅದರ ಜೊತೆಗೆ ಡಾಕ್ಟರೇಟು ಮಾಡುತ್ತಿದ್ದೆ. ಬೆಳಗ್ಗೆ ಆರೂವರೆ ಬಸ್ಸಿಗೆ ನಂಜನಗೂಡು, ಅಲ್ಲಿಂದ ಮೈಸೂರು. ವಾಪಸು ಬರುವಷ್ಟರಲ್ಲಿ ಸಂಜೆಯ ಹಾಲು ಕರೆದು ಡೈರಿಗೆ ಹಾಕಿ ನಾನು ಕೈಕಾಲು ತೊಳೆದುಕೊಂಡಿರುತ್ತಿದ್ದೆ. ನಾಲ್ಕು ಹಸು. ಜೊತೆಗೆ ನಾಲ್ಕು ವರ್ಷದ ಸಿಂಚನ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಹೊಡೆದಾಡುವಂಥ ಸಿಟ್ಟಲ್ಲ, ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಿನದು. ಅದೂ ಇರಲಿ, ಬರೆದಿಟ್ಟುಬಿಡುತ್ತೇನೆ.

ಹಾಗಂತ ನೀನು ನನ್ನನ್ನು ದಡ್ಡಿ ಎಂದು ಯಾವತ್ತೂ ನೋಡಲಿಲ್ಲ. ನಿನ್ನ ಪ್ಲೇಟಿನ ವಿಷಯ ನನಗೆ ತಿಳಿಸಿಹೇಳಿದ ದಿನ ನೆನಪಿದೆಯಾ? ನಾನು ಹಾಲಿನ ಪಾತ್ರೆ ಮುಂದೆ ಕೂತು ಕೆನೆ ತೆಗೆಯುತ್ತಿದ್ದೆ. ನೀನು ಹೇಳಿದೆ — ಅತ್ತೆ, ಕಬ್ಬಿಣದ ಮೇಲೆ ಪಿಂಗಾಣಿ ಅಂಟಿಸಿದರೆ ಬಿಸಿ ತಾಗಿದಾಗ ಎರಡೂ ಬೇರೆಬೇರೆ ಹಿಗ್ಗುತ್ತವೆ, ಅಂಟಿಸಿದ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಗೆರೆಯೇ ಇಲ್ಲದ ಹಾಗೆ ಮಾಡುತ್ತಾರೆ. ಮೇಲೆ ಪೂರಾ ಪಿಂಗಾಣಿ, ತಳದಲ್ಲಿ ಪೂರಾ ಲೋಹ, ನಡುವೆ ಸ್ವಲ್ಪ ಸ್ವಲ್ಪವಾಗಿ ಒಂದು ಹೋಗಿ ಇನ್ನೊಂದು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಹೇಳುವುದಕ್ಕಾಗುವುದಿಲ್ಲ.

"ಕೆನೆ ಇದ್ದಂಗೆ ಅನ್ನು," ಎಂದೆ ನಾನು. "ಮ್ಯಾಲೆ ಗಟ್ಟಿ, ತಳದಲ್ಲಿ ನೀರು. ಎಲ್ಲಿಗಂಟ ಕೆನೆ, ಎಲ್ಲಿಂದ ಆಲು ಅಂತ ಗೆರೆ ಎಳ್ಯಕ್ಕಾದದಾ?"

ನೀನು ಹಾಗೇ ನಿಂತುಬಿಟ್ಟೆ. "ಅತ್ತೆ, ಇದನ್ನ ನಮ್ ಗೈಡ್‌ಗೆ ಹೇಳ್ತೀನಿ ಕಣ್ರೀ. ಅವರು ಒಂದು ಗಂಟೆ ಪಾಠ ಮಾಡಿದ್ದನ್ನ ನೀವು ಒಂದು ಸೌಟಲ್ಲಿ ಹೇಳ್ಬಿಟ್ರಿ."

ಆಮೇಲೆ ಬಿಲ್ಲೆಯ ವಿಷಯ. ಪ್ಲೇಟಿನ ಲೋಹದ ಮೈಗೆ ಒಂದು ರೂಪಾಯಿ ನಾಣ್ಯದಷ್ಟಗಲದ ತೆಳ್ಳನೆ ಬಿಲ್ಲೆ ಅಂಟಿಸುತ್ತಾರೆ. ಅದಕ್ಕೆ ಕೂದಲಿನಂಥ ಎರಡು ತಂತಿ. ಪ್ಲೇಟು ಬಗ್ಗಿದರೆ ಬಿಲ್ಲೆ ಚೂರು ಕರೆಂಟು ಕೊಡುತ್ತದೆ, ಎಷ್ಟು ಬಗ್ಗಿತು ಎಂದು ಅದರಿಂದ ತಿಳಿಯುತ್ತದೆ. ನಾವೇ ಕರೆಂಟು ಕೊಟ್ಟರೆ ಬಗ್ಗಿದ್ದನ್ನು ನೆಟ್ಟಗೆ ಮಾಡಲು ಎಳೆಯುತ್ತದೆ. ಅದಕ್ಕೇ ಅದನ್ನು ಸ್ಮಾರ್ಟ್ ಪ್ಲೇಟು ಅನ್ನುತ್ತಾರೆ ಅಂದೆ ನೀನು.

"ಅಂಗಾದ್ರೆ ನಮ್ ಮಹೇಶುಂಗೂ ಒಂದು ಬಿಲ್ಲೆ ಅಂಟ್ಸವ್ವ," ಅಂದೆ ನಾನು. "ಎಲ್ಲಿ ನೋಯ್ತದೆ ಅಂತ ಬಾಯ್ ಬುಟ್ಟು ಏಳದೇ ಇಲ್ಲ."

ಇಬ್ಬರೂ ನಕ್ಕೆವು. ಆ ದಿನ ನೀನು ಈ ಹಸಿರು ಪುಸ್ತಕದಲ್ಲಿ ಏನೋ ಗೀಚಿಕೊಂಡಿದ್ದನ್ನು ನೋಡಿದ್ದೆ. ಏನು ಎಂದು ಮೊನ್ನೆ ತಿಳಿಯಿತು. ಪುಟದ ತುಂಬಾ ಇಂಗ್ಲಿಷು, ನನಗೆ ತಿಳಿಯದ ಗುರುತುಗಳು. ನಡುವೆ ಒಂದೇ ಒಂದು ಕನ್ನಡದ ಮಾತು. ಕೆನೆ. ಸುತ್ತಲೂ ವೃತ್ತ ಎಳೆದಿದ್ದೀಯ. ಪಕ್ಕದಲ್ಲಿ 'ಅತ್ತೆ' ಎಂದು ಬರೆದಿದ್ದೀಯ.



ನಿನ್ನ ಕೆಲಸ ಏನು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಸಿಂಚನ ತಿದ್ದಲಿ. ಇಷ್ಟು ಭಾರ ಇಟ್ಟರೆ, ಇಷ್ಟು ಬಿಸಿ ಮಾಡಿದರೆ ಪ್ಲೇಟು ಎಷ್ಟು ಬಗ್ಗುತ್ತದೆ ಎಂದು ಮೊದಲು ಕಾಗದದ ಮೇಲೆ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಬೇಕು. ಆಮೇಲೆ ನಿಜವಾದ ಪ್ಲೇಟಿಗೆ ಭಾರ ಇಟ್ಟು, ಬಿಸಿ ಮಾಡಿ, ಬಿಲ್ಲೆ ಏನು ಹೇಳುತ್ತದೆ ಎಂದು ನೋಡಬೇಕು. ಎರಡೂ ಒಂದಾದರೆ ನಿನ್ನ ಲೆಕ್ಕ ಗೆದ್ದಿತು, ಡಾಕ್ಟರೇಟು ಬಂತು. ಲೆಕ್ಕ ಮುಗಿಸುವುದಕ್ಕೆ ನೀನು ಮೂರು ವರ್ಷ ತೆಗೆದುಕೊಂಡೆ. ಪ್ಲೇಟು ಎಲ್ಲೋ ದೂರದ ಲ್ಯಾಬಿನಿಂದ ಬರಬೇಕಾಗಿತ್ತು, ಅದಕ್ಕೆ ಆರು ತಿಂಗಳು ಕಾದೆ. ಬಂದದ್ದು ಒಂದೇ ಒಂದು. ಎರಡು ಅಂಗೈ ಅಗಲದ ಚೌಕ. ಇನ್ನೊಂದನ್ನು ಮಾಡಿಕೊಡುವುದಿಲ್ಲ ಎಂದಿದ್ದರು.

ಕಾಲೇಜಿಗೆ ರಜೆ ಇತ್ತು, ಲ್ಯಾಬಿಗೆ ಬೀಗ. ಸೋಮವಾರ ಮಿಷನ್ನು ನಿನ್ನ ಪಾಲಿಗೆ ಬರುತ್ತದೆ, ಅಷ್ಟರಲ್ಲಿ ಬಿಲ್ಲೆ ಅಂಟಿ ಗಟ್ಟಿಯಾಗಿರಬೇಕು. ಅದಕ್ಕೆ ನೀನು ಮನೆಯಲ್ಲೇ ಅಂಟಿಸಿದೆ. ಭಾನುವಾರ ಬೆಳಗ್ಗೆ ನಡುಮನೆಯ ಮೂಲೆಯಲ್ಲಿ ನೆಲ ಒರೆಸಿ, ಎರಡು ಥರದ ಗೋಂದು ಕಲಸಿ, ಉಸಿರು ಬಿಗಿಹಿಡಿದು ಕೂರಿಸಿದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಮಡಿಕೆ ಬಟ್ಟೆ. ಅದರ ಮೇಲೆ ಭಾರಕ್ಕೆ ನಮ್ಮ ಒರಳಿನ ಗುಂಡುಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ.

"ಅತ್ತೆ, ನಾಳೆ ಬೆಳಗ್ಗೆವರೆಗೂ ಇದನ್ನ ಯಾರೂ ಮುಟ್ಬಾರ್ದು," ಎಂದೆ. ನರಸೀಪುರದಲ್ಲಿ ನಿನಗೆ ಯಾವುದೋ ಪರೀಕ್ಷೆಯ ಡ್ಯೂಟಿ ಇತ್ತು. ಸೀರೆ ಉಟ್ಟುಕೊಳ್ಳುವಾಗ ಇನ್ನೊಂದು ಸಲ ಹೇಳಿದೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಮತ್ತೊಂದು ಸಲ. ಆ ಮೂರನೇ ಸಲ ನನಗೆ ಚುಚ್ಚಿತು. ನನ್ನ ಅತ್ತೆ ತಂದಿಟ್ಟ ಕಲ್ಲು, ನಾನು ಮೂವತ್ತು ವರ್ಷ ತಿರುಗಿಸಿದ ಕಲ್ಲು, ನನಗೇ ಮುಟ್ಟಬೇಡ ಅನ್ನುತ್ತಾಳಲ್ಲ ಎಂದು. ಇಷ್ಟು ಸಣ್ಣ ಮಾತು. ಇಂಥದ್ದೇ.

ಮಹೇಶ ಸಿಂಚನಳನ್ನು ಕರೆದುಕೊಂಡು ಗದ್ದೆಯ ಕಡೆ ಹೋಗಿದ್ದ. ಹತ್ತು ಗಂಟೆ ಹೊತ್ತಿಗೆ ಎದುರುಮನೆ ರತ್ನಮ್ಮ ಬಂದಳು, ಹಿಂದೆ ಇಬ್ಬರು ನೆಂಟರ ಹೆಂಗಸರು. ಅವಳ ಮಗಳ ಮಗುವಿಗೆ ಅವತ್ತು ಹೆಸರಿಡುವ ಶಾಸ್ತ್ರ. ನಮ್ಮ ಕಡೆ ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತೇವೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ಎಲ್ಲರ ಮನೆಗೂ ಮಿಕ್ಸಿ ಬಂದ ಮೇಲೆ ಬೀದಿಯಲ್ಲಿ ಒರಳು ಉಳಿದದ್ದು ನಮ್ಮ ಮನೆಯಲ್ಲಿ ಮಾತ್ರ. ರತ್ನಮ್ಮನ ಕಲ್ಲು ಹೊಸ ಮನೆಯ ತಳಪಾಯಕ್ಕೆ ಹೋಗಿತ್ತು. ಬೀದಿಯ ಮಕ್ಕಳೆಲ್ಲ ನಮ್ಮ ಕಲ್ಲು ಮಲಗಿದ ತೊಟ್ಟಿಲಲ್ಲೇ ಮಲಗಿದವರು. ತೊಟ್ಟಿಲಿಗೆ ಕೇಳಿದರೆ ನನ್ನ ಅತ್ತೆ ಯಾವತ್ತೂ ಇಲ್ಲ ಅಂದವಳಲ್ಲ, ನಾನೂ ಅಂದವಳಲ್ಲ.

"ಅಕ್ಕಾ, ಗುಂಡುಕಲ್ ಕೊಡಕ್ಕ. ಐನೋರು ಬಂದು ಕೂತವ್ರೆ, ಟೈಮು ಮೀರ್ತದೆ ಅಂತವ್ರೆ."

"ಇವತ್ತು ಅದು ಕೆಲ್ಸದಲ್ಲದೆ ಕಣಮ್ಮಿ," ಎಂದೆ. ಇದನ್ನು ನಾನು ಹೇಳಿದ್ದು ನಿಜ. ಅಲ್ಲಿಯವರೆಗೂ ನಿನ್ನ ಮಾತು ಉಳಿಸಿದ್ದೆ.

ರತ್ನಮ್ಮ ಮೂಲೆಯ ಕಡೆ ಬಗ್ಗಿ ನೋಡಿದಳು. "ಅಯ್ಯೋ, ಕಲ್ಲಿಗೂ ಡ್ಯೂಟಿ ಆಕ್ಬುಟ್ಟವ್ಳಾ ನಿಮ್ ಸೊಸೆ? ನಿಂಗೂ ಒಂದು ರಜಾ ಚೀಟಿ ಬರ್ಕೊಟ್ಟವ್ಳೋ ಎಂಗೆ?"

ಹಿಂದಿನ ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಾನು ಕಲ್ಲು ಎತ್ತಿದೆ.

ಬಟ್ಟೆಯ ಮಡಿಕೆ ಕಲ್ಲಿನ ಜೊತೆ ಜರುಗಿತು, ಪ್ಲಾಸ್ಟಿಕ್ ಹಾಳೆಯೂ ಎಳೆದುಕೊಂಡು ಬಂತು. ಗೋಂದು ಹೊರಕ್ಕೆ ಉಕ್ಕಿ ಹಾಳೆಗೆ ಮೆತ್ತಿಕೊಂಡಿತ್ತು. ಬಿಲ್ಲೆ ಅದರ ಜೊತೆಗೇ ಎದ್ದು ವಾಲಿಕೊಂಡು ನಿಂತಿತು. ಗೋಂದು ಇನ್ನೂ ಬೆಲ್ಲದ ಪಾಕದ ಹಾಗೆ ಇತ್ತು. ರತ್ನಮ್ಮನಿಗೆ ಅದು ಕಾಣಲಿಲ್ಲ. ಅವಳು ಕಲ್ಲನ್ನು ಕಂಕುಳಿಗೆ ಎತ್ತಿಕೊಂಡು, ಬೇಗ ಬಾರಕ್ಕ ಅಂತ ಹೋದಳು. ನಾನು ಬೆರಳಿನಿಂದ ಬಿಲ್ಲೆಯನ್ನು ಒತ್ತಿದೆ. ಜಾರಿತು. ಇನ್ನೊಂದು ಸಲ ಒತ್ತಿದೆ. ಪೂರಾ ಕೈಗೆ ಬಂತು.

ಆಗಲೇ ಹಾಗೇ ಬಿಟ್ಟು ಸಂಜೆ ನಿನಗೆ ಹೇಳಿದ್ದರೆ — ನೀನು ಬೇಜಾರು ಮಾಡಿಕೊಳ್ಳುತ್ತಿದ್ದೆ, ಗೋಂದು ಕೆರೆದು ಇನ್ನೊಂದು ಬಿಲ್ಲೆ ಅಂಟಿಸುತ್ತಿದ್ದೆ. ಒಂದು ಸೋಮವಾರ ತಪ್ಪುತ್ತಿತ್ತು. ಅಷ್ಟೇ.

ನಾನು ಸೆರಗಿನಲ್ಲಿ ಗೋಂದನ್ನೆಲ್ಲ ಒರೆಸಿದೆ. ಗೂಡಿನಲ್ಲಿ ಮಹೇಶ ಚಪ್ಪಲಿಗೆ ಹಾಕುವ ಅಂಟಿನ ಟ್ಯೂಬಿತ್ತು, ತಟ್ಟನೆ ಹಿಡಿದುಕೊಳ್ಳುವಂಥದ್ದು. ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಸವರಿದೆ. ಸವರುವಷ್ಟರಲ್ಲೇ ಅರ್ಧ ಒಣಗಿತ್ತು. ಇನ್ನೊಂದು ತೊಟ್ಟು ಬಿಟ್ಟು, ತಂತಿಯ ಕಡೆ ಮೇಲೆ ಬರುವ ಹಾಗೆ ಬಿಲ್ಲೆ ಕೂರಿಸಿ ಒತ್ತಿಹಿಡಿದೆ. ಹಿಡಿದುಕೊಂಡಿತು. ನನ್ನ ತೋರುಬೆರಳ ಚರ್ಮ ಚೂರು ಕಿತ್ತುಹೋಯಿತು. ಆ ಬೆರಳನ್ನು ಸೆರಗಲ್ಲಿ ಮುಚ್ಚಿಕೊಂಡೇ ಶಾಸ್ತ್ರಕ್ಕೆ ಹೋಗಿ ಕೂತೆ. ಕಲ್ಲಿಗೆ ಕೆಂಪು ಕುಲಾವಿ ಕಟ್ಟಿದ್ದರು, ಕುಂಕುಮ ಹಚ್ಚಿ ದೃಷ್ಟಿಬೊಟ್ಟು ಇಟ್ಟಿದ್ದರು. ಎಲ್ಲರ ಜೊತೆ ನಾನೂ ತೊಟ್ಟಿಲು ತೂಗಿದೆ.

ಮಧ್ಯಾಹ್ನ ಕಲ್ಲು ಮನೆಗೆ ಬಂತು. ತೊಳೆದು, ಬಟ್ಟೆಯನ್ನು ಅದೇ ನಾಲ್ಕು ಮಡಿಕೆ ಮಾಡಿ, ಹಾಳೆ ಹಾಸಿ, ಇದ್ದ ಹಾಗೇ ನಿಲ್ಲಿಸಿದೆ. ಸಂಜೆ ನೀನು ಬಂದವಳು ಚಪ್ಪಲಿಯನ್ನೂ ಬಿಡದೆ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

"ಅತ್ತೆ, ಕಲ್ಲು ಯಾರಾದ್ರೂ ಎತ್ತಿದ್ರಾ?"

"ಇಲ್ಲ ಕಣವ್ವ. ಯಾರೂ ಮುಟ್ನಿಲ್ಲ."

"ಕುಂಕುಮ ಇದೆಯಲ್ಲಾ ಕಲ್ಲಿನ ಮೇಲೆ?"

"ಒಸಲಿಗಿಟ್ಟಂಗೆ ಅದುಕ್ಕೂ ಒಂದು ಬೊಟ್ಟು ಇಟ್ಟೆ. ಕೂತಿದ್ದ ಕಡೆಗೇ ಇಟ್ಟೆ, ಅಲ್ಲಾಡುಸ್ನಿಲ್ಲ."

ನಿನ್ನ ಮುಖ ಅರಳಿತು. "ಒಳ್ಳೇದಾಯ್ತು ಬಿಡಿ. ನನ್ ಪ್ಲೇಟಿಗೂ ಪೂಜೆ ಆದಂಗಾಯ್ತು," ಎಂದೆ.

ಆ ಮಾತನ್ನು ನೀನು ಮರೆತಿರಬಹುದು. ನಾನು ಮರೆಯಲಿಲ್ಲ.

ಆಮೇಲಿನದು ನಿನಗೇ ಹೆಚ್ಚು ಗೊತ್ತು. ಲ್ಯಾಬಿನಿಂದ ಬಂದು ಊಟಕ್ಕೆ ಕೂತಾಗಲೆಲ್ಲ ಮಹೇಶನಿಗೆ ಒಂದೇ ಮಾತು ಹೇಳುತ್ತಿದ್ದೆ. ತಣ್ಣಗಿರುವಾಗ ಭಾರ ಇಟ್ಟರೆ ಲೆಕ್ಕಕ್ಕೆ ಸರಿಯಾಗಿ ಬರುತ್ತದೆ, ಬಿಸಿ ಏರಿಸುತ್ತಾ ಹೋದರೆ ತಪ್ಪುತ್ತದೆ. ಪ್ಲೇಟು ಬಗ್ಗಬೇಕಾದಷ್ಟು ಬಗ್ಗಿಲ್ಲ ಅನ್ನುತ್ತದೆ ಬಿಲ್ಲೆ. ಬಿಸಿಯ ಲೆಕ್ಕದಲ್ಲಿ ಏನೋ ಬಿಟ್ಟಿದ್ದೇನೆ, ಏನು ಅಂತ ಸಿಗುತ್ತಿಲ್ಲ.

ನನಗೆ ಸಿಕ್ಕಿತ್ತು. ಇಂಗ್ಲಿಷು ಬೇಕಾಗಿರಲಿಲ್ಲ. ಮಹೇಶನ ಚಪ್ಪಲಿ ಅದೇ ಅಂಟಿನಿಂದ ನೆರಳಲ್ಲಿ ಚೆನ್ನಾಗೇ ಇರುತ್ತಿತ್ತು, ಬಿಸಿಲಲ್ಲಿ ಬಿಟ್ಟರೆ ಬಾಯಿಬಿಡುತ್ತಿತ್ತು. ಸಾರು ಬಡಿಸುತ್ತಾ ನಿಂತವಳಿಗೆ ಅದು ಹೊಳೆದ ದಿನ ಸೌಟು ಕೈಯಲ್ಲೇ ನಿಂತಿತು. ನೀನು, ಏನತ್ತೆ, ಅಂದೆ. ಉಪ್ಪು ಕಮ್ಮಿ ಆಯ್ತೇನೋ ಅಂದೆ ನಾನು.

ಒಂದು ವರ್ಷ ನೀನು ಆ ಲೆಕ್ಕವನ್ನು ಕಿತ್ತುಕಟ್ಟಿದೆ. ಕಣ್ಣ ಕೆಳಗೆ ಕಪ್ಪಾಯಿತು. ನಿನ್ನ ಗೈಡು, ಲೆಕ್ಕದ ಬುಡವೇ ಸರಿಯಿಲ್ಲ ಅಂದರಂತೆ. ಅವರೇನು ಮಾಡಿಯಾರು, ಅವರಿಗೆ ಕಂಡದ್ದನ್ನು ಹೇಳಿದರು. ಆಮೇಲೊಂದು ಭಾನುವಾರ, ಜಗುಲಿಯ ಮೇಲೆ ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ನೀನು ಕೈ ನಿಲ್ಲಿಸಿದೆ. ನೀನು ಹೇಳಿದ ಒಂದೊಂದು ಮಾತೂ ನನಗೆ ನೆನಪಿದೆ.

"ಅತ್ತೆ, ನಿಮ್ಮನ್ನ ಒಂದು ಕೇಳ್ತೀನಿ. ಅಂಟು ಸರಿಯಾಗಿ ಹಿಡೀದೇ ಇದ್ರೆ ಹಿಂಗಾಗ್ಬೋದು. ಬಿಲ್ಲೆ ಕಿತ್ತು ನೋಡ್ಬೋದು. ಆದ್ರೆ ಕೀಳೋಕೆ ಕೆರೀಬೇಕು, ಕೆರೆದ್ರೆ ಪ್ಲೇಟು ಹಾಳಾಗತ್ತೆ, ಇರೋದು ಒಂದೇ ಪ್ಲೇಟು. ಅಂಟು ಸರಿ ಇದ್ರೆ ತಪ್ಪು ನನ್ ಲೆಕ್ಕದ್ದೇ. ಅವತ್ತು ಮನೇಲಿದ್ದೋರು ನೀವೊಬ್ರೇ. ನಿಜವಾಗ್ಲೂ ಯಾರೂ ಕಲ್ಲು ಎತ್ಲಿಲ್ವಾ?"

ಅಂದರೆ ನೀನು ನಿನ್ನ ಮೂರು ವರ್ಷದ ಲೆಕ್ಕವನ್ನೂ ಇದ್ದೊಂದು ಪ್ಲೇಟನ್ನೂ ತಂದು ನನ್ನ ಬಾಯಿಯ ಮುಂದೆ ಇಟ್ಟೆ. ನಾನು ಏನಂದರೆ ಅದು. ಹೂಂ ಎಂದಿದ್ದರೆ ಸಾಕಿತ್ತು. ಪೂರಾ ಕಥೆಯೂ ಬೇಕಿರಲಿಲ್ಲ.

"ನನ್ನಾಣೆ ಕಣವ್ವ. ಯಾರೂ ಮುಟ್ನಿಲ್ಲ."

ಮೊದಲನೇ ಸುಳ್ಳಿಗೆ ಹೆದರಿಕೆ ಇತ್ತು ಎಂದು ಹೇಳಬಹುದು. ಓದಿದ ಸೊಸೆ ಹಳ್ಳಿಗಮಾರಿ ಅನ್ನುತ್ತಾಳೆ ಎಂಬ ಹೆದರಿಕೆ. ಎರಡನೆಯದಕ್ಕೆ ಅದೂ ಇರಲಿಲ್ಲ. ಎರಡನೆಯದನ್ನು ಹೇಳುವಾಗ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇವಳ ಓದು ನಿಂತರೆ ಬೆಳಗಿನ ಬಸ್ಸು ನಿಲ್ಲುತ್ತದೆ. ಮನೆಯಲ್ಲಿ ಇನ್ನೊಂದು ಜೊತೆ ಕೈ ಇರುತ್ತದೆ. ತಟ್ಟೆ ಇಟ್ಟುಕೊಂಡು ಏನು ಕಡಿದುಹಾಕುತ್ತಾಳೆ ಎಂದು ಬೀದಿಯಲ್ಲಿ ಆಡಿದ್ದೆ, ಆ ಮಾತೂ ಗೆಲ್ಲುತ್ತದೆ. ಇಷ್ಟನ್ನೂ ಅವರೆಕಾಯಿ ಬಿಡಿಸುತ್ತಾ ಯೋಚನೆ ಮಾಡಿದೆ. ಯೋಚನೆ ಮಾಡಿ ಆಣೆ ಇಟ್ಟೆ.

ನೀನು, "ಸರಿ, ಹಾಗಾದ್ರೆ ನನ್ನದೇ," ಅಂದೆ. ಮತ್ತೆ ಅವರೆಕಾಯಿಗೆ ಕೈ ಹಾಕಿದೆ.

ಅದಾಗಿ ನೀನು ಇನ್ನೊಂದು ವರ್ಷ ಎಳೆದಾಡಿದೆ. ಆಮೇಲೆ ಪುಸ್ತಕಗಳನ್ನೆಲ್ಲ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಅಳಲಿಲ್ಲ. ಅತ್ತಿದ್ದರೆ ನಾನು ಹೇಳುತ್ತಿದ್ದೆನೇನೋ — ಇಲ್ಲ, ಹೇಳುತ್ತಿರಲಿಲ್ಲ. ಸುಮ್ಮನೆ ಬರೆಯುವುದು ಬೇಡ. ಕಾಲೇಜು ಬಿಟ್ಟು ನರಸೀಪುರದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ, ಒಂಬತ್ತನೇ ಕ್ಲಾಸಿಗೆ ಗಣಿತ ಹೇಳಿಕೊಡಲು ಸೇರಿದೆ. ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದೆ. ಸಂಜೆಯ ಹಾಲು ನೀನೇ ಕರೆದೆ. ನನ್ನ ಕಣ್ಣಿನ ಪೊರೆ ತೆಗೆಸಿದಾಗ ತಿಂಗಳುಗಟ್ಟಲೆ ನೀನೇ ಔಷಧಿ ಬಿಟ್ಟೆ. ನಾನು ರತ್ನಮ್ಮನ ಹತ್ತಿರ, "ಈಗ ಮನೆ ಮನೆಯಂಗದೆ ಕಣಮ್ಮಿ," ಅಂದಿದ್ದೆ. ನಾನು ಸುಖವಾಗಿದ್ದೆ. ನಿನ್ನ ಸೋಲು ನನಗೆ ಅನುಕೂಲವಾಯಿತು ಸವಿತಾ. ಇದಕ್ಕಿಂತ ಮೆತ್ತಗೆ ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಕಾಣಲಿಲ್ಲವೇ ಎಂದು ನೀನು ಕೇಳಬಹುದು. ಕಂಡಿತು. ಎಲ್ಲ ಕಾಣುತ್ತಿತ್ತು. ಗ್ಯಾಸು ಆರಿಸಿ ಬಂದವಳು ಮತ್ತೆ ಹೋಗಿ ನೋಡುತ್ತೀಯ, ಮತ್ತೂ ಒಂದು ಸಲ ಹೋಗುತ್ತೀಯ. ಮಕ್ಕಳ ಉತ್ತರದ ಪೇಪರು ತಿದ್ದಿ, ಕೂಡಿದ ಅಂಕವನ್ನು ಮೂರು ಸಲ ಕೂಡುತ್ತೀಯ. ಸಿಂಚನ ಯಾವುದಾದರೂ ಲೆಕ್ಕ ಕೇಳಿದರೆ ಪೂರಾ ಮಾಡಿ ತೋರಿಸಿ, ಕೊನೆಗೆ ಒಂದೇ ಮಾತು ಹೇಳುತ್ತೀಯ — "ನನ್ ಲೆಕ್ಕ ನಂಬ್ಬೇಡ ಪುಟ್ಟಿ, ನಿಮ್ ಮೇಷ್ಟ್ರಿಗೂ ಒಂದ್ಸಲ ತೋರ್ಸು." ಮದುವೆಯಾಗಿ ಬಂದ ಹೊಸದರಲ್ಲಿ, ಡೈರಿಯವನು ಹಾಲಿನ ಅಳತೆ ತಪ್ಪಿಸಿದ್ದಾನೆ ಎಂದು ಹೊಸಲು ದಾಟಿಹೋಗಿ ಬಾಯಿಲೆಕ್ಕದಲ್ಲಿ ಅವನನ್ನು ಹಿಡಿದುಹಾಕಿದ ಹುಡುಗಿ ನೀನು. ಆ ಹುಡುಗಿಯನ್ನು ತೆಗೆದುಹಾಕಿದವಳು ನಾನು. ಡಾಕ್ಟರೇಟು ಹೋದದ್ದು ಒಂದು. ಇದು ಇನ್ನೊಂದು. ಇದು ದಿನಾ ನನ್ನ ಕಣ್ಣೆದುರಿಗೇ ಇಷ್ಟು ವರ್ಷ ನಡೆಯಿತು.

ಇಷ್ಟಾದರೂ ನಾನು ಸತ್ತೇ ಹೋಗುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಬಿಡಿಸಿದವಳು ನಿನ್ನ ಮಗಳು.

ಹೋದ ವಾರ ನೀನು ಸ್ಕೂಲಿಗೆ ಹೋದ ಮೇಲೆ ಸಿಂಚನ ಅಟ್ಟದಿಂದ ಆ ಮೂಟೆ ಇಳಿಸಿದಳು. ಅವಳ ಪಿಯುಸಿ ಕಾಲೇಜಿನಲ್ಲಿ ವಿಜ್ಞಾನದ ಪ್ರದರ್ಶನವಂತೆ, ಅಮ್ಮನ ಪ್ಲೇಟನ್ನೇ ಇಡುತ್ತೇನೆ ಎಂದಳು. ನಿನಗೆ ಹೇಳದೆ ಮಾಡಿ ಅಚ್ಚರಿಪಡಿಸಬೇಕೆಂಬ ಆಸೆ ಅವಳಿಗೆ. ಒಂದು ಕಡೆ ಬೆಂಕಿ ಉರಿಯುತ್ತಿದ್ದರೂ ಇನ್ನೊಂದು ಕಡೆ ಮುಟ್ಟಬಹುದಾ ನೋಡುತ್ತೇನೆ ಎಂದು, ಪಿಂಗಾಣಿಯ ಮೈ ಕೆಳಗೆ ಮಾಡಿ ಗ್ಯಾಸಿನ ಮೇಲೆ ಹಿಡಿದಳು. ನಾನು ಬೇಡ ಎನ್ನುವಷ್ಟರಲ್ಲಿ ಬಿಲ್ಲೆ ಮೆಲ್ಲಗೆ ಜರುಗಿ, ಟಕ್ಕೆಂದು ಕಟ್ಟೆಯ ಮೇಲೆ ಬಿತ್ತು.

ಅವಳು ತಟ್ಟನೆ ಗ್ಯಾಸು ಆರಿಸಿದಳು. "ಅಜ್ಜೀ, ಅಮ್ಮಂಗೆ ಹೇಳ್ಬೇಡ ಕಣಜ್ಜಿ! ಮತ್ತೆ ಮೂಟೇಲೇ ಇಟ್ಬುಡ್ತೀನಿ. ಕೇಳಿದ್ರೆ ಯಾರೂ ಮುಟ್ಲಿಲ್ಲ ಅಂದ್ಬುಡು."

ಯಾರೂ ಮುಟ್ಟಲಿಲ್ಲ. ನನ್ನದೇ ಮಾತು. ನಾನು ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವಳು ಬಿಲ್ಲೆ ಇದ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಳು. ಬಿಳಿಯ ಹೊಪ್ಪಳೆಯಂತೆ ಹಳೇ ಅಂಟು. "ಇದೇನಜ್ಜಿ, ಅಂಟಿನೊಳಗೆ ಯಾರದೋ ಬೆರಳು ಒತ್ತಿದ ಗುರುತದೆ. ಗೆರೆ ಎಲ್ಲಾ ಕಾಣ್ತದೆ, ನೋಡು."

ನೋಡಿದೆ. ಗೋಧಿ ಕಾಳಿನಷ್ಟಗಲ. ಮೇಲಿನ ಅಂಟು ಅಲ್ಲಿಗೆ ತಾಗಿರಲೇ ಇಲ್ಲ, ಅದಕ್ಕೇ ಉಳಿದಿತ್ತು. ನನ್ನ ತೋರುಬೆರಳನ್ನು ಅದರ ಪಕ್ಕದಲ್ಲಿ ಇಟ್ಟೆ. "ನೀನು ಕಿತ್ತಿಲ್ಲ ಕಣವ್ವ," ಎಂದೆ. "ಅದು ಅವತ್ತೇ ಕಿತ್ತೋಗಿತ್ತು. ಇದು ನನ್ ಬೆಳ್ಳು." ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು — "ಹಂಗಾದ್ರೆ ಅಮ್ಮನ ಲೆಕ್ಕ ಸರಿ ಇತ್ತಾ?"

"ಸರಿ ಇತ್ತು," ಎಂದೆ.

"ಅಮ್ಮಂಗೆ ಅದು ಗೊತ್ತೇ ಇಲ್ವಾ?"

ಅವಳು ಎದ್ದು ಹಿತ್ತಲಿಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಈ ಪುಸ್ತಕ ತಂದು, ಕೆನೆ ಎಂದು ಬರೆದಿದ್ದ ಪುಟ ತೆರೆದು ತೋರಿಸಿ, ಹಿಂದಿನ ಖಾಲಿ ಹಾಳೆ ಬಿಚ್ಚಿ ಪೆನ್ನು ಕೊಟ್ಟಳು. ಶುಕ್ರವಾರದೊಳಗೆ ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಳು. ನಿನ್ನ ಮಗಳು ಗಟ್ಟಿ. ಅವಳನ್ನು ಮಲಗಿಸಿದ ತೊಟ್ಟಿಲಲ್ಲೂ ಮೊದಲು ಅದೇ ಕಲ್ಲನ್ನೇ ಮಲಗಿಸಿದ್ದು.

ಇವತ್ತು ಶುಕ್ರವಾರ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಇರಲಿ ಬಿಡಿ ಅತ್ತೆ ಎಂದುಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಹಾಗೆ ಅನ್ನಿಸಿಕೊಂಡು ಹಗುರಾಗಿ ಮಲಗುವುದು ನನಗೆ ಬೇಡ. ಆ ಪ್ಲೇಟಿನ ಕೆಲಸವನ್ನು ಈಗ ಬೇರೆ ಯಾರ್ಯಾರೋ ಮಾಡಿ ಮುಗಿಸಿರಬಹುದು ಎನ್ನುತ್ತಾಳೆ ಸಿಂಚನ. ನಿನ್ನ ಲೆಕ್ಕಕ್ಕೆ ಇನ್ನು ಬೆಲೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದ ವರ್ಷಗಳಿಗೆ ನಾನು ಏನು ಕೊಟ್ಟರೂ ಸಾಲದು. ನನ್ನ ಹತ್ತಿರ ಇರುವುದು ಒಂದು ಬಾಯಿ. ಅದನ್ನು ಬಿಡುತ್ತೇನೆ. ಮಹೇಶನಿಗೆ ಹೇಳುತ್ತೇನೆ. ಮನೆ ಮನೆಯಂಗದೆ ಎಂದು ರತ್ನಮ್ಮನಿಗೆ ಹೇಳಿದ್ದ ಅದೇ ಜಗುಲಿಯ ಮೇಲೆ ನಿಂತು ಅವಳಿಗೂ ಹೇಳುತ್ತೇನೆ. ನಿನ್ನ ಗೈಡು ಈಗ ಎಲ್ಲಿದ್ದಾರೋ ವಿಚಾರಿಸು, ನೀನು ಬೇಡ ಎಂದರೆ ಬೇಡ, ಹೂಂ ಎಂದರೆ ಮೈಸೂರಿನ ಬಸ್ಸು ಹತ್ತಿ ಹೋಗಿ ಅವರ ಎದುರಿಗೆ ನಿಂತು ಹೇಳುತ್ತೇನೆ. ಸಾ, ನನ್ ಸೊಸೆ ಲೆಕ್ಕ ಸರಿ ಇತ್ತು, ಕಲ್ಲು ಎತ್ತಿದ್ದು ನಾನು, ಅಂತ. ಅವರು ನಕ್ಕರೆ ನಗಲಿ.

ಅಡುಗೆಮನೆಯ ಕಟ್ಟೆಯ ಮೇಲೆ ಪ್ಲೇಟು ಇಟ್ಟಿದ್ದೇನೆ, ಲೋಹದ ಮೈ ಮೇಲೆ ಮಾಡಿ. ಬೆರಳಿನ ಗುರುತು ಹಾಗೇ ಇದೆ, ಒರೆಸಿಲ್ಲ. ಪಕ್ಕದಲ್ಲಿ ಬಿಲ್ಲೆ. ಅದರ ಪಕ್ಕ ಗುಂಡುಕಲ್ಲು. ಐದೂವರೆ ಬಸ್ಸಿಗೆ ನೀನು ನರಸೀಪುರದಿಂದ ಬರುತ್ತೀಯ. ಚಪ್ಪಲಿ ಬಿಟ್ಟು, ಅತ್ತೆ ಕಾಫಿ ಕುಡಿದ್ರಾ ಎಂದು ಕೇಳಿ, ಗ್ಯಾಸು ಆರಿದೆಯಾ ನೋಡಲು ಒಳಗೆ ಬರುತ್ತೀಯ. ನಾನು ಅಲ್ಲೇ ಮಣೆ ಹಾಕಿಕೊಂಡು ಕೂತಿರುತ್ತೇನೆ. ಪುಸ್ತಕ ಕೈಗೆ ಕೊಡುತ್ತೇನೆ. ನೀನು ಎಷ್ಟು ಹೊತ್ತು ಓದಿದರೂ ಸರಿ, ಓದಿ ಏನಂದರೂ ಸರಿ, ಏನೂ ಅನ್ನದಿದ್ದರೂ ಸರಿ. ಹಾಲು ಕರೆಯುವ ಹೊತ್ತು ಮೀರುತ್ತದೆ, ಹಸುಗಳು ಕೂಗುತ್ತವೆ.

ಕೂಗಲಿ. ಇವತ್ತು ನಾನು ಎದ್ದುಹೋಗುವುದಿಲ್ಲ.